ಕಬ್ಬಿಣದ ಎತ್ತು ಕರಿ ಹರಿದ ದಿನ

ಎಪ್ಪತ್ತರ ದಶಕದಲ್ಲಿ, ಮುದ್ದೇಬಿಹಾಳದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ, ಮಕ್ಕಳಿಗಾಗಿ ಒಂದು ವೈಜ್ಞಾನಿಕ ಕಾದಂಬರಿ ಬರೆದೆ. ಅದರಲ್ಲಿ ಪ್ರತಿ ಮಗುವಿಗೂ ಒಂದು ಯಂತ್ರಪ್ರಾಣಿ ಗೆಳೆಯ. ಕಥಾನಾಯಕ, ಮೇವು ಕೇಳದ, ಯಾರನ್ನೂ ಹಾಯದ ಕಬ್ಬಿಣದ ಎತ್ತು. ಕಾದಂಬರಿ ಗೆಲ್ಲುತ್ತದೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಉಳಿದೆಲ್ಲದರಲ್ಲೂ ಸಂಶಯಪಡುವುದನ್ನು ವಿಶ್ವವಿದ್ಯಾಲಯ ಕಲಿಸಿತ್ತು.

ಮಾವನವರ ಮನೆ ಇಂಗಳೇಶ್ವರದಲ್ಲಿ, ಛಾಪಖಾನೆ ಬಸವನ ಬಾಗೇವಾಡಿಯಲ್ಲಿ. ಪುಸ್ತಕ ಅಚ್ಚು ಹಾಕಲು ಅವರದೊಂದೇ ಕರಾರು: "ನಮ್ಮ ಓಣಿ ಹುಡುಗರ ಮುಂದ ಓದ್ರಿ. ಕಡೀತನಕ ಕುಂತ ಕೇಳಿದ್ರ ಛಾಪಿಸ್ತೇನಿ."

ಓದಲು ನಾನು ಆರಿಸಿದ್ದು ಕಾರಹುಣ್ಣಿಮೆಯ ದಿನ. ಸಾಲಿಗೆ ರಜೆಯಲ್ಲವೇ!

"ಇವತ್ತ ಬ್ಯಾಡ್ರಿ," ಎಂದಳು ಹೆಂಡತಿ ಶಾಂತಾ. "ಸಂಜೀಕ ಕರಿ ಹರಿಯೂದೈತಿ. ಯಾವ ಹುಡುಗ ಕುಂದರ್ತಾನ?"

"ಸಾಹಿತ್ಯಕ್ಕ ಆ ತಾಕತ್ತ ಐತಿ," ಎಂದೆ.

ಕರಿ ಎಂದರೆ ಊರಬಾಗಿಲಾದ ಅಗಸಿಗೆ ಕಟ್ಟುವ ಬೇವಿನ ತೋರಣ. ಓಡಿಬಂದು ಅದನ್ನು ಮೊದಲು ಹರಿಯುವ ಎತ್ತಿನ ಬಣ್ಣ ನೋಡಿ ಆ ವರ್ಷದ ಬೆಳೆ ಹೇಳುತ್ತಾರೆ. ನಾನು ನಂಬುವುದಿಲ್ಲ. ಆದರೂ ಕಾದಂಬರಿಯಲ್ಲಿ ನನ್ನ ಎತ್ತಿನಿಂದ ಕರಿ ಹರಿಸಿದ್ದೆ.

ಜಮಖಾನೆ ಮೇಲೆ ಕೂತ ಮಕ್ಕಳಿಗೆ ಓದುತ್ತ ಆ ಭಾಗಕ್ಕೆ ಬರುತ್ತಲೇ, ಕುರ್ಚಿಯಲ್ಲಿದ್ದ ಮಾವ ಕೈ ಎತ್ತಿದರು.

"ಅಳಿಯಂದ್ರ, ನಿಮ್ಮ ಎತ್ತಿನ ಬಣ್ಣ ಯಾವುದ್ರಿ?"

"ಕಬ್ಬಿಣದ ಬಣ್ಣ, ಮಾವಾರ."

"ಬಿಳೇದು ಹರದ್ರ ಜೋಳ, ಕೆಂಪದು ಹರದ್ರ ತೊಗರಿ. ಇದು ಹರದ್ರ ಹೊಲದಾಗ ಏನ್ ಕುಡಗೋಲ ಬೆಳೀತಾವೇನ್ರಿ?"

"ಬಿಳೇ ಬಣ್ಣ ಹಚ್ಚಿದ್ರಾತು!" ಎಂದೆ.

"ಮೊದಲ ಕೆಂಪಂದ್ರಿ!" ಎಂದಳೊಬ್ಬ ಹುಡುಗಿ.

"ಇಲ್ಲ, ಕರೇದಂದ್ರು!" ಎಂದಳು ಪಕ್ಕದವಳು.

ನನಗೆ ನೆನಪಾಗಲಿಲ್ಲ. ಬರೆದವನು ನಾನೇ! ಹಾಳೆ ತಿರುವಿದೆ. ಮೊದಲ ಅಧ್ಯಾಯದಲ್ಲಿ ಎತ್ತು ಕೆಂಪಗಿತ್ತು, ಎರಡನೆಯದರಲ್ಲಿ ಕಪ್ಪಗಿತ್ತು, ಮೂರನೆಯದರಲ್ಲಿ ಅದಕ್ಕೆ ಕೋಡೇ ಇರಲಿಲ್ಲ. ಗಂಭೀರವಾಗಿ ಪೆನ್ನು ತೆಗೆದು ತಿದ್ದತೊಡಗಿದೆ. ಅಗಸಿಯ ಕಡೆ ಹಲಗೆ ಬಾರಿಸಿದ ಸದ್ದಾಯಿತು. ತಲೆ ಎತ್ತಿದರೆ ಜಮಖಾನೆ ಖಾಲಿ. ಮಾವನವರ ಕುರ್ಚಿಯೂ ಖಾಲಿ!

ಕತ್ತಲಾಗುವ ಹೊತ್ತಿಗೆ ಮಾವ ಗುಲಾಲು ಮೆತ್ತಿಕೊಂಡು ಬಂದರು.

"ಕಡೀತನಕ ಯಾರ್ ಕುಂತಿದ್ರವ್ವಾ?"

"ಇವರೊಬ್ರ, ಅಪ್ಪಾ," ಎಂದಳು ಶಾಂತಾ.

"ಹಂಗಾರ ಒಂದ ಪ್ರತಿ ಸಾಕು. ಅದು ಅವರ ಕೈಯಾಗ ಐತಲ್ಲ!"

ಶಾಂತಾ ಹೇಳಿದ್ದೂ ಪೂರ್ತಿ ನಿಜವೆಂದು ನನಗನಿಸುವುದಿಲ್ಲ. ಕೆಂಪು ಎತ್ತೊಂದು ಅಗಸಿಯ ತೋರಣ ಹರಿದು ಧೂಳೆಬ್ಬಿಸಿ ಹೋದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕೂತೇ ಇದ್ದಿದ್ದರೆ ಅದನ್ನು ನೋಡಿದ್ದು ಹೇಗೆ? ನನ್ನ ಕಾದಂಬರಿಗೆ ಕೊನೆಯವರೆಗೆ ನಾನೂ ಕೂತಿರಲಿಲ್ಲ!