ಹದಿನೈದು ಸುತ್ತಿನವರು, ಹನ್ನೆರಡು ಸುತ್ತಿನವರು

ನೆನೆಹಾಕಿದ ಅವರೆಕಾಳನ್ನು ಒಂದೊಂದಾಗಿ ಹಿದುಕುತ್ತಿದ್ದ ಕೋಕಿಲಾಳ ಕೈ, ಅರ್ಧ ಪಾತ್ರೆ ತುಂಬುವ ಹೊತ್ತಿಗೆ ನಿಂತುಹೋಯಿತು. ಕೆಳಗಿನಿಂದ ಮನೆ ಮಾಲೀಕ ನಂಜುಂಡಪ್ಪನವರ ದನಿ ಮೆಟ್ಟಿಲು ಹತ್ತಿ ಬಂದಿತ್ತು.

"ಕೋಕಿಲಮ್ಮ, ಹತ್ತೂವರೆಗೆ ಬಂದ್ಬಿಡಿ. ಯಶ್ವಂತನೂ ಕೆಂಗೇರಿಯಿಂದ ಹೊರಟಿದಾನಂತೆ. ಇವತ್ತು ನಿಮ್ಮ ಬಾಯಿಂದ್ಲೇ ತೀರ್ಮಾನ ಆಗ್ಲಿ."

ಬೆರಳ ನಡುವಿನ ಕಾಳು ಜಾರಿ ಗ್ಯಾಸ್ ಒಲೆಯ ಕೆಳಗೆ ಹೋಗಿ ಅಡಗಿತು. ಅಲ್ಲಿ ತನಗೂ ಒಂದಿಷ್ಟು ಜಾಗವಿದ್ದಿದ್ದರೆ ಎಂದುಕೊಂಡಳು ಕೋಕಿಲಾ.

ತಪ್ಪು ಅವಳದೇ. ನಂಜುಂಡಪ್ಪ ಹರೆಯದಲ್ಲಿ ಕಾರ್ಖಾನೆಯ ತಂಡಕ್ಕೆ ಬಾಕ್ಸಿಂಗ್ ಆಡಿದವರು. ಅರವತ್ತೇಳು ಕಿಲೋ ಒಳಗಿನ ವೆಲ್ಟರ್‌ವೇಟ್. ಈಗ ತೂಕ ತೊಂಬತ್ತು ದಾಟಿದ್ದರೂ ಮನಸ್ಸು ಮಾತ್ರ ಅರವತ್ತೇಳರಲ್ಲೇ ನಿಂತಿತ್ತು. ಆರು ತಿಂಗಳ ಹಿಂದೆ ನೀರಿನ ಮೋಟಾರು ಕೆಟ್ಟಿದೆಯೆಂದು ಹೇಳಲು ಕೆಳಗೆ ಹೋದಾಗ ಅವರು ಹಳೆಯ ಪಂದ್ಯ ನೋಡುತ್ತಿದ್ದರು. ಮೋಟಾರು ಬೇಗ ರಿಪೇರಿಯಾಗಲಿ ಎಂಬ ಆಸೆಗೆ, "ಈಗಿನವರು ಎಲ್ಲಿ ಹೀಗೆ ಹೊಡೀತಾರೆ ಅಪ್ಪಾಜಿ" ಅಂದಿದ್ದಳು. ಮೋಟಾರು ಸಂಜೆಗೇ ಸರಿಹೋಯಿತು. ಮುಂದಿನ ವಾರ ಅವರ ಮಗ ಯಶ್ವಂತ್ ಗೇಟಿನ ಹತ್ತಿರ ನಿಂತು ಮೊಬೈಲಿನಲ್ಲಿ ಹೊಸ ಪಂದ್ಯ ತೋರಿಸಿದಾಗ, "ಈಗಿನವರ ಸ್ಪೀಡೇ ಬೇರೆ ಬಿಡಪ್ಪ" ಅಂದಳು. ಎರಡೂ ಬಾಯಿಮಾತಿನ ಮರ್ಯಾದೆ. ಈಗ ಅಪ್ಪ, ಮಗ ಇಬ್ಬರೂ ಅವಳನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ಟೀವಿಯಲ್ಲಿ ಹಳೆಯದೊಂದು, ಹೊಸದೊಂದು ಪಂದ್ಯ ನೋಡಿ ಯಾವ ಕಾಲದವರು ಮೇಲೆಂದು ಅವಳು ಹೇಳಬೇಕಿತ್ತು.

ಅದೂ ಇವತ್ತೇ. ಹನ್ನೊಂದು ತಿಂಗಳ ಬಾಡಿಗೆ ಕರಾರು ಇವತ್ತಿಗೆ ಮುಗಿಯುತ್ತಿತ್ತು. ಹೊಸ ಪತ್ರವನ್ನು ನಂಜುಂಡಪ್ಪ ಟೀವಿ ಕೆಳಗಿಟ್ಟು, ಪಂದ್ಯ ಆದಮೇಲೆ ಸೈನ್ ಹಾಕ್ತೀನಿ ಎಂದಿದ್ದರು. ಮಗಳು ರಮ್ಯಳ ಮಾರ್ಚಿನ ಪಿಯುಸಿ ಪರೀಕ್ಷೆಗೆ ಎರಡೇ ತಿಂಗಳು. ಈಗ ಮನೆ ಬಿಡಬೇಕಾಗಿ ಬಂದರೆ ಆ ಹುಡುಗಿ ರಟ್ಟಿನ ಡಬ್ಬಗಳ ನಡುವೆ ಕೂತು ಓದಬೇಕು. ಗಂಡ ಗಿರಿರಾಜ್‌ಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದರಿಂದಲೇ ಬೆಳಿಗ್ಗೆ ಗಾಡಿಗೆ ಗಾಳಿ ಹಾಕಿಸಲು ಹೋದವನು ಇನ್ನೂ ಬಂದಿರಲಿಲ್ಲ.

ಮೆಟ್ಟಿಲ ಬುಡದಲ್ಲಿ ಎದುರುಮನೆಯ ಜಯದೇವಿ ಸಿಕ್ಕಳು. ಅವಳೂ ಪಂದ್ಯಕ್ಕೇ ಹೊರಟಿದ್ದಳು.

"ನಿಮಗಿಂತ ಮುಂಚೆ ಆ ಸೇತುರಾಮ ಇದ್ನಲ್ಲ, ಹಳೇ ಫೈಟು ನೋಡ್ತಾ ನಿದ್ದೆ ಹೋಗ್ಬಿಟ್ನಂತೆ ಕಣೇ. ತಿಂಗಳಲ್ಲಿ ಮನೆ ಖಾಲಿ," ಅಂದಳು. "ನೀನು ಹೆದರ್ಕೋಬೇಡ."

ಕೋಕಿಲಾ ಕೆಳಗಿನ ನಲ್ಲಿಯಲ್ಲಿ ಕಣ್ಣಿಗೆ ತಣ್ಣೀರು ಎರಚಿಕೊಂಡು ಒಳಗೆ ಹೋದಳು.

ಹಾಲಿನಲ್ಲಿ ಅಪ್ಪ ಒಂದು ಮೂಲೆ, ಮಗ ಇನ್ನೊಂದು ಮೂಲೆ. ನಡುವೆ ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ. ಮೂರು ವರ್ಷದ ಹಿಂದೆ ಇದೇ ಜಗಳ ಬಾಕ್ಸಿಂಗಿನಲ್ಲಿ ಶುರುವಾಗಿ ಸೂಟ್‌ಕೇಸಿನಲ್ಲಿ ಮುಗಿದು ಯಶ್ವಂತ್ ಹೆಂಡತಿಯೊಡನೆ ಕೆಂಗೇರಿ ಸೇರಿದ್ದ. ಇಬ್ಬರೂ ಮಾತಾಡುತ್ತಿದ್ದುದು ಅವಳ ಮೂಲಕವೇ.

"ಹದಿನೈದು ಸುತ್ತು ಆಡ್ತಿದ್ರು ಅಂತ ಹೇಳಿ ಅವನಿಗೆ. ಒಬ್ಬರಿಗೊಬ್ಬರು ತಪ್ಪಿಸ್ಕೊಳ್ತಿರ್ಲಿಲ್ಲ."

"ಅಕ್ಕ, ಸುಸ್ತಾಗಿ ತಬ್ಕೊಂಡು ನಿಲ್ಲೋದು ಫೈಟಲ್ಲ ಅಂತ ಹೇಳಿ ಅವರಿಗೆ. ಹನ್ನೆರಡೇ ಸಾಕು."

ಮೊದಲು ಎಂಬತ್ತೊಂದರ ಪಂದ್ಯ. ಲಿಯೊನಾರ್ಡ್‌ನ ಕಣ್ಣು ಊದಿಕೊಂಡಿತ್ತು, ಅಂಕದಲ್ಲೂ ಹಿಂದೆ ಬಿದ್ದಿದ್ದ. ಆದರೂ ಹದಿನಾಲ್ಕನೇ ಸುತ್ತಿನಲ್ಲಿ ಹರ್ನ್ಸ್‌ನನ್ನು ಹಗ್ಗಕ್ಕೆ ಒತ್ತಿ ಗೆದ್ದ. ಆಮೇಲೆ ಎರಡು ಸಾವಿರದ ಇಪ್ಪತ್ತಮೂರರದು. ಕ್ರಾಫರ್ಡ್ ಒಂದು ಹೊಡೆತವನ್ನೂ ದಂಡ ಮಾಡಲಿಲ್ಲ. ಸ್ಪೆನ್ಸ್ ಮೂರು ಸಲ ಬಿದ್ದ, ಒಂಬತ್ತನೇ ಸುತ್ತಿಗೆ ಮುಗಿಯಿತು. ನಿದ್ದೆ ಬಂದೀತೆಂಬ ಹೆದರಿಕೆಗೆ ಕೋಕಿಲಾ ರೆಪ್ಪೆ ಬಡಿಯದೆ ನೋಡಿದಳು. ನೋಡನೋಡುತ್ತ ಹೆದರಿಕೆಯೂ ಒಂದೆರಡು ನಿಮಿಷ ಮರೆತುಹೋಯಿತು. ಮನಸ್ಸಿಗೆ ಹಿಡಿಸಿದ್ದು ಹೊಸಬನೇ. ಏಟು ಬರುವ ಮೊದಲೇ ಅಲ್ಲಿಂದ ಸರಿದಿರುತ್ತಿದ್ದ.

ಟೀವಿ ಆರಿತು. ನಾಲ್ಕು ಕಣ್ಣು ಅವಳ ಮೇಲೆ. ಜಯದೇವಿಯದೂ ಸೇರಿ ಆರು.

"ಎರಡಕ್ಕೂ ಹತ್ತಕ್ಕೆ ಒಂಬತ್ತು," ಅಂದಳು ಕೋಕಿಲಾ. ದನಿ ಅವಳದಲ್ಲವೆನ್ನುವಷ್ಟು ಸಣ್ಣಗಿತ್ತು. ಹೆದರಿಕೆಯೇ ಮುಂದಿನ ಮಾತನ್ನು ತಳ್ಳಿತು. "ಅಪ್ಪಾಜಿ ಕಾಲದವರಿಗೆ ನೋವು ತಡ್ಕೊಳ್ಳೋದು ಗೊತ್ತಿತ್ತು. ಈಗಿನವರಿಗೆ ನೋವಾಗದ ಹಾಗೆ ನಿಲ್ಲೋದು ಗೊತ್ತು. ಒಬ್ಬರದ್ದು ಇನ್ನೊಬ್ಬರಿಗೆ ಬಂದಿದ್ರೆ ಚೆನ್ನಾಗಿರ್ತಿತ್ತು."

ಅವಳು ಕಣ್ಣು ಮುಚ್ಚಿ ಸೇತುರಾಮನನ್ನು ನೆನೆದಳು.

ಯಶ್ವಂತ್ ಅಪ್ಪನ ಕಡೆ ತಿರುಗಿದ. "ಅಪ್ಪ, ಆ ಹದಿನಾಲ್ಕನೇ ಸುತ್ತು ಇನ್ನೊಂದ್ಸಲ ಹಾಕಿ."

ಮೂರು ವರ್ಷದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು. ನಂಜುಂಡಪ್ಪ ರಿಮೋಟು ಹುಡುಕಿದರು, ಕನ್ನಡಕ ಒರೆಸಿದರು, ಮತ್ತೆ ರಿಮೋಟು ಹುಡುಕಿದರು. ಮಗ ಅಪ್ಪನ ಸೋಫಾಕ್ಕೆ ಬಂದು ಕೂತ. ಕಾಫಿ ಬಂತು. ಹೊಡೆದಾಟ ಆಗಲಿಲ್ಲವೆಂಬ ಬೇಸರದಲ್ಲಿ ಜಯದೇವಿ ಎರಡು ಲೋಟ ಕುಡಿದು ಹೋದಳು. ಅಪ್ಪ ಮಗ ಇಬ್ಬರೂ ಅರ್ಧ ಗಂಟೆ ಒಳಕೋಣೆಯಲ್ಲಿ ಪಿಸುಗುಟ್ಟಿದರು. ಕೋಕಿಲಾ ಕಾದಳು, ಟೀವಿ ಕೆಳಗಿನ ಪತ್ರದ ಮೇಲೆ ಕಣ್ಣಿಟ್ಟು.

ಹೊರಬಂದ ನಂಜುಂಡಪ್ಪ ಪತ್ರ ತೆಗೆದುಕೊಂಡರು. ಪೆನ್ನು ತೆಗೆಯಲಿಲ್ಲ. ನಾಲ್ಕಾಗಿ ಮಡಚಿ ಜೇಬಿಗಿಟ್ಟರು.

"ಇದಿನ್ನು ಬೇಡ ಕೋಕಿಲಮ್ಮ. ಇವನು ವಾಪಸ್ ಬರ್ತೀನಿ ಅಂತಿದಾನೆ. ಮೇಲಿನ ಮನೆ ಇವನಿಗೇ ಅಂತ ಕಟ್ಟಿಸಿದ್ದಲ್ವಾ. ನಿಮ್ಮಿಂದ ಆದ ಪುಣ್ಯ ಇದು." ಅವರ ಕಣ್ಣು ನಿಜವಾಗಿ ತೇವವಾಗಿತ್ತು. "ಆತುರ ಏನಿಲ್ಲ, ಫೆಬ್ರವರಿ ಮುಗಿಯೋದ್ರೊಳಗೆ ಖಾಲಿ ಮಾಡಿದ್ರೆ ಆಯ್ತು."

ಯಶ್ವಂತ್ ಬಾಗಿಲ ತನಕ ಬಂದ. "ಮುಂದಿನ ಭಾನುವಾರನೂ ನೀವೇ ಜಡ್ಜು ಅಕ್ಕ. ಎಪ್ಪತ್ತರ ದಶಕದ್ದು ಅಪ್ಪಂದು, ಎರಡು ಸಾವಿರದ ಹದಿನೈದರದ್ದು ನಂದು. ಬೇರೆ ಯಾರ ಮಾತೂ ನಾವಿಬ್ರೂ ಒಪ್ಪಲ್ಲ."

ಕೋಕಿಲಾ ಮೆಟ್ಟಿಲು ಹತ್ತಿ ಮನೆಗೆ ಬಂದಳು. ಗಿರಿರಾಜ್ ಇನ್ನೂ ಗಾಳಿ ಹಾಕಿಸುತ್ತಿದ್ದ. ರಮ್ಯ ಪುಸ್ತಕದಿಂದ ತಲೆ ಎತ್ತದೆ, "ಸೈನ್ ಆಯ್ತಾಮ್ಮ?" ಎಂದು ಕೇಳಿದಳು.

"ನೀನು ಓದ್ಕೋ," ಅಂದಳು ಕೋಕಿಲಾ.

ಉಳಿದ ಅವರೆಕಾಳು ಪಾತ್ರೆಯಲ್ಲಿ ಹಾಗೇ ಕಾದಿತ್ತು. ಒಂದನ್ನೆತ್ತಿ ಎರಡು ಬೆರಳಲ್ಲಿ ಒತ್ತಿದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ದೊಡ್ಡ ಬಲವೇನೂ ಬೇಕಿರಲಿಲ್ಲ, ಸರಿಯಾದ ಜಾಗದಲ್ಲಿ ಒತ್ತಿದರೆ ಸಾಕಿತ್ತು. ಹೋದ ವಾರ ಕ್ಲಿನಿಕ್ಕಿನಲ್ಲಿ ನೋಡಿಸಿದಾಗ ತನ್ನ ತೂಕವೂ ವೆಲ್ಟರ್‌ವೇಟಿನದೇ, ಅರವತ್ತಾರೂವರೆ ಕಿಲೋ ಇದ್ದದ್ದು ನೆನಪಾಯಿತು.

ಮುಂದಿನ ಭಾನುವಾರ ಪಂದ್ಯ ಸಮವಾಗುವುದಿಲ್ಲ. ಹೊಸಬರು ಎಷ್ಟೇ ಚೆನ್ನಾಗಿ ಆಡಲಿ, ಹಳಬರಿಗೆ ಅರ್ಧ ಅಂಕ ಹೆಚ್ಚು. ಅರ್ಧ ಸಾಕು. ಮಗ ಮತ್ತೆ ಸೂಟ್‌ಕೇಸು ಎತ್ತಲು ಅಷ್ಟು ಸಾಕು.

ಕೋಕಿಲಾ ಇನ್ನೊಂದು ಕಾಳೆತ್ತಿಕೊಂಡಳು.