ನಂದಾದೀಪ ಕಚ್ಚಿ ಹಿಡಿದ ವೈಸ್

ಕೆಲವರ ಕೈಗುಣ ಚಲೋ ಇರುತ್ತದೆ, ಅವರು ನೆಟ್ಟ ಒಣ ಕಡ್ಡಿಯೂ ಚಿಗುರುತ್ತದೆ. ನನ್ನ ಕೈಗುಣ ಬೇರೆ ನಮೂನೆಯದು. ನಾನು ಮುಟ್ಟಿದ್ದೆಲ್ಲ ಸಡಿಲಾಗುತ್ತದೆ. ಕೊಡೆಯ ಹಿಡಿಕೆ, ಕುರ್ಚಿಯ ಕಾಲು, ಬಾಗಿಲ ಚಿಲಕ, ಯಾವುದನ್ನಾದರೂ ನಾನೊಮ್ಮೆ ರಿಪೇರಿ ಮಾಡಿದೆನೆಂದರೆ ಆಮೇಲೆ ಬಡಿಗೇರನೂ ಅದಕ್ಕೆ ದೂರದಿಂದ ಕೈ ಮುಗಿಯುತ್ತಾನೆ. "ನಿನ್ನ ಕೈಯಾಗ ಏನೂ ನಿಂದರೂದಿಲ್ಲೋ ತಮ್ಮಾ" ಎಂದು ನಮ್ಮವ್ವ ನಾನು ಸಣ್ಣವನಿದ್ದಾಗಿನಿಂದ ಹೇಳುತ್ತ ಬಂದಿದ್ದಳು. ಇಂಥವನಿಗೆ ಮನೆಯಲ್ಲೊಂದು ವರ್ಕಶಾಪ್ ಮಾಡುವ ಹುಚ್ಚು ಹತ್ತಿದ್ದಕ್ಕೆ ದಾಂಡೇಲಿಯ ನೀರೇ ಕಾರಣ. ಆಗಿನ್ನೂ ಕಾಗದದ ಮಿಲ್ಲು ಹೊಸದು. ಅಂಬೇವಾಡಿಯ ನಮ್ಮ ಓಣಿಯಲ್ಲಿ ಎಡಕ್ಕೊಬ್ಬ ಫಿಟ್ಟರ್, ಬಲಕ್ಕೊಬ್ಬ ವೆಲ್ಡರ್, ಎದುರಿಗೊಬ್ಬ ಟರ್ನರ್, ನಡುವೆ ಧಾರವಾಡದಿಂದ ಬಂದ ನಾನೊಬ್ಬ ಹಾಜರಿ ಬರೆಯುವ ಕಾರಕೂನ. ಅವರೆಲ್ಲ ರವಿವಾರ ಹಿತ್ತಲಲ್ಲಿ ಏನಾದರೊಂದು ಕುಟ್ಟುತ್ತಿದ್ದರೆ ನಾನು ಬರೀ ಉಗುರು ಕತ್ತರಿಸುತ್ತ ಕೂಡುವುದು ಯಾವ ಮರ್ಯಾದೆ?

ವೈಸ್ ಸಿಕ್ಕಿದ್ದು ಹಳಿಯಾಳದ ಗುಜರಿ ಅಂಗಡಿಯಲ್ಲಿ. ವೈಸ್ ಎಂದರೆ ಗೊತ್ತಲ್ಲ, ಎರಡು ದವಡೆ, ಅವನ್ನು ಕೂಡಿಸುವ ಒಂದು ಸ್ಕ್ರೂ, ತಿರುವಲಿಕ್ಕೊಂದು ಹಿಡಿಕೆ. ಸಾಮಾನನ್ನು ಅಲುಗದಂತೆ ಕಚ್ಚಿ ಹಿಡಿಯುವ ಕಬ್ಬಿಣದ ಬಾಯಿ. ಅಂಗಡಿಯ ಖಾದರಸಾಬ್ ಅದನ್ನು ಹೊರಗೆ ತೆಗೆಯಲಿಕ್ಕೇ ಅನುಮಾನಿಸಿದ.

"ಬ್ಯಾರೆ ಏನರ ತಗೋರಿ ಸಾಹೇಬ್ರ. ಇದು ಒಬ್ಬ ಮುದುಕ ಫಿಟ್ಟರಂದು. ಕೆಲಸ ಮಾಡ್ಕೋತ ನಿಂತಲ್ಲೇ ಜೀವ ಬಿಟ್ಟ, ಕೈ ಹಿಡಿಕಿ ಮ್ಯಾಲ ಹಂಗಽ ಇತ್ತು. ಒಳಗ ಒಂದು ಕಬ್ಬಿಣದ ಸಳಿ ಕಚ್ಚಿಕೊಂಡಿತ್ತು. ನಾವು ಎಷ್ಟು ತಿರುವಿದ್ರೂ ಇದರ ಬಾಯಿ ತೆರೀಲಿಲ್ಲ. ನಾ ಆ ಸಳಿ ಕೈಯಾಗ ಹಿಡಕೊಂಡೆ ನೋಡ್ರಿ, ತಾನಽ ಬಿಟ್ಟಿತು. ಇದು ಹಿಡಿದದ್ದನ್ನ ಇನ್ನೊಂದು ಕೈಯಾಗ ಕೊಟ್ಟಽ ಬಿಡ್ತೈತಿ" ಎಂದ.

ಬುದ್ಧಿ ಇದ್ದವನು ಅಲ್ಲೇ ಬಿಟ್ಟು ಬರುತ್ತಿದ್ದ. ಆದರೆ ಮುಟ್ಟಿದ್ದೆಲ್ಲ ಸಡಿಲಾಗುವ ಮನುಷ್ಯನಿಗೆ ಹಿಡಿದದ್ದು ಬಿಡದ ವಸ್ತು ಸಿಕ್ಕರೆ ಬಿಟ್ಟಾನೆಯೇ? ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಊರು ಮುಟ್ಟುವಷ್ಟರಲ್ಲಿ ತೊಡೆಗಳೆರಡೂ ನನ್ನವಲ್ಲ ಅನ್ನಿಸುತ್ತಿತ್ತು.

ಹಿತ್ತಲ ಪಡಸಾಲೆಯಲ್ಲಿ ಸಾಗವಾನಿಯ ಹಲಗೆಗೆ ಅದನ್ನು ಬೋಲ್ಟು ಹಾಕಿ ಕೂಡಿಸಿದೆ. ಚಿಮಣಿ ಎಣ್ಣೆ, ಇಟ್ಟಂಗಿ ಪುಡಿ, ಉಸುಕಿನ ಕಾಗದ ಹಿಡಿದು ದಿನಾ ಸಂಜೆ ಉಜ್ಜಿದೆ. ತುಕ್ಕು ಕಳಚಿದಂತೆ ಹಿಡಿಕೆಯ ಮೇಲೆ ಹೆಬ್ಬೆರಳಿನ ಅಗಲದ ಒಂದು ತಗ್ಗು ಕಂಡಿತು. ಒಬ್ಬನೇ ಮನುಷ್ಯ ಒಂದೇ ಜಾಗ ಒತ್ತಿ ಒತ್ತಿ ಸವೆಸಿದ್ದು. ನನ್ನ ಹೆಬ್ಬೆರಳು ತಾನಾಗಿಯೇ ಹೋಗಿ ಅದರೊಳಗೆ ಕೂತಿತು. ತಗ್ಗು ಬೆಚ್ಚಗಿತ್ತು. ಬಿಸಿಲಿಗೆ ಕಾದಿರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಆ ಮೂಲೆಗೆ ಬಿಸಿಲೇ ಬೀಳುತ್ತಿರಲಿಲ್ಲ.

"ರೀ, ಅದು ನನ್ನ ನೋಡ್ತೈತಿ" ಎಂದಳು ನನ್ನ ಹೆಂಡತಿ ಶಾಂತಾ.

"ಹುಚ್ಚಿ, ಅದಕ್ಕ ಕಣ್ಣೆಲ್ಲಿ ಅದಾವ? ಬರೇ ಬಾಯಿ ಐತಿ."

"ಅದಕ್ಕಽ ಅಂಜಿಕಿ ನನಗ."

ಅಂಜಿಕೆ ಹೋಗಲೆಂದು ನಾನು ಅದಕ್ಕೆ ಎಲೆಹಸಿರು ಬಣ್ಣ ತಂದೆ. ಕುಂಚಕ್ಕೆ ಎಟುಕಿದ ಯಾವ ಜಾಗವನ್ನೂ ಬಿಡದೆ ಬಳಿದೆ. ಬಳಿದು ಮುಗಿಸಿದ್ದು ನವರಾತ್ರಿಯ ಹಿಂದಿನ ದಿನ, ಅಮಾವಾಸ್ಯೆಯ ಮುಂಜಾನೆ.

ಇಲ್ಲಿ ನಮ್ಮ ಮನೆಯ ದೀಪದ ಮಾತು ಹೇಳಬೇಕು. ನವರಾತ್ರಿಗೆ ನಮ್ಮಲ್ಲಿ ಘಟ್ಟ ಹಾಕುತ್ತಾರೆ. ದೇವರ ಮುಂದೆ ಮಣ್ಣಿನಲ್ಲಿ ಧಾನ್ಯ ಬಿತ್ತಿ, ಪಕ್ಕದಲ್ಲಿ ನಂದಾದೀಪ ಹಚ್ಚಿಡುತ್ತಾರೆ. ಖಂಡೆನವಮಿಯ, ಅಂದರೆ ಆಯುಧಪೂಜೆಯ, ಸಂಜೆ ಆರತಿಯಾಗಿ ಘಟ್ಟ ಕದಲಿಸುವ ತನಕ ಆ ದೀಪ ಆರಬಾರದು, ಇದ್ದ ಜಾಗದಿಂದ ಅಲುಗಲೂ ಬಾರದು. ಅವ್ವನಿಗೆ ಅವಳ ಅತ್ತೆ ಕೊಟ್ಟ ಹಿತ್ತಾಳೆಯ ಸಮೆಯೇ, ಆ ಉದ್ದ ಕಂಬದ ದೀಪವೇ, ಆಗಬೇಕು. ಧಾರವಾಡದಿಂದ ಬರುವಾಗ ಲಾರಿಯಲ್ಲಿ ಬಿದ್ದು ಅದರ ಕಂಬ ಸೊಟ್ಟಾಗಿತ್ತು. ಆ ವರ್ಷ ಎಣ್ಣೆಯೆಲ್ಲ ಒಂದೇ ಕಡೆ ಸುರಿದು ದೀಪ ನಡುವೆ ಆರಿತು. ಚಳಿಗಾಲಕ್ಕೆ ಅಪ್ಪ ಹೋದರು. ಅಪ್ಪನಿಗೆ ಹಳೆಯ ದಮ್ಮು ಇತ್ತೆಂದು ಡಾಕ್ಟರು ಹೇಳಿದರೂ ಅವ್ವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುವರ್ಷ ಹಬ್ಬವಿಲ್ಲ. ಈಗ ಮತ್ತೆ ಘಟ್ಟ ಹಾಕುವ ಹೊತ್ತಿಗೆ ಅವಳು ನನ್ನ ಮುಖ ನೋಡಿ, "ಈ ಸಲ ಆರಿತಂದ್ರ ಯಾರ ಪಾಳಿಯೋ ಏನೋ" ಎಂದಳು. ಮನೆಯಲ್ಲಿ ಗಂಡಸು ಅಂತ ಉಳಿದವನು ನಾನೊಬ್ಬನೇ.

ಹೊಸ ವೈಸ್ ಇದ್ದಾಗ ಚಿಂತೆ ಏಕೆ? ಅಮಾವಾಸ್ಯೆಯ ಸಂಜೆಯೇ ಸಮೆಯ ಬುಡ ಬಿಚ್ಚಿಟ್ಟು, ಕಂಬವನ್ನು ದವಡೆಯ ಅಂಚಿಗೆ ನೆಟ್ಟಗೆ ಸಿಕ್ಕಿಸಿ, ಬಿಗಿದು, ಕಟ್ಟಿಗೆಯ ಕೊಡತಿಯಿಂದ ಮೆಲ್ಲಗೆ ಬಡಿದೆ. ಸೊಟ್ಟ ಹೋಯಿತು! ಚೆನ್ನಾಗಿ ಕೂರಲಿ ಎಂದು ಹಾಗೇ ಬಿಟ್ಟೆ. ಮರುದಿನ ಮುಂಜಾನೆ ನೋಡಿದರೆ ವೈಸ್ ಬಾಯಿ ಬಿಡಲೊಲ್ಲದು. ಹಿಡಿಕೆ ನೆಟ್ಟಗೆ ಮೇಲ್ಮುಖವಾಗಿ ನಿಂತಿತ್ತು. ನಾನು ಹಾಗೆ ನಿಲ್ಲಿಸಿದ ನೆನಪು ನನಗಿಲ್ಲ. ಜೋತುಬಿದ್ದೆ, ಕಾಲು ಕೊಟ್ಟು ಒದ್ದೆ. ಚಿಮಣಿ ಎಣ್ಣೆ ತಂದರೆ, "ದೇವರ ದೀಪಕ್ಕ ಆ ನಾತ ಬ್ಯಾಡ" ಎಂದು ಅವ್ವ ತಡೆದಳು. ಸುತ್ತಿಗೆ ತಂದರೆ, "ಸಮೆ ಒಡದ್ರ ನನ್ನ ಹೆಣಾ ನೋಡ್ತಿ" ಎಂದಳು. ಕಡೆಗೆ ಅವಳೇ ಕಂಬವನ್ನು ಮುಟ್ಟಿ ನೋಡಿ, "ಇಷ್ಟು ನೆಟ್ಟಗ ಇದು ಎಂದೂ ನಿಂತಿದ್ದಿಲ್ಲ. ದೇವರನ್ನಽ ಇಲ್ಲಿಗೆ ತರೂಣು" ಎಂದು ಬಿಟ್ಟಳು.

ಹೀಗೆ ದೇವರು, ಘಟ್ಟ, ಗಂಟೆ ಎಲ್ಲ ಹಿತ್ತಲ ಪಡಸಾಲೆಗೆ ಬಂದವು. ಹಸಿರು ವೈಸಿಗೆ ಅರಿಶಿನ ಕುಂಕುಮ ಬಿತ್ತು. ಓಣಿಯ ಹೆಂಗಸರು ಕೈ ಮುಗಿದು, "ಯಾವ ದೇವರ್ರೀ ಇದು?" ಎಂದು ಶಾಂತಾಳನ್ನು ಕೇಳಿದರು. ಎಡಮನೆಯ ಫಿಟ್ಟರ್ ಮಾತ್ರ ಬಂದು ನೋಡಿ, ತಲೆ ತುರಿಸಿಕೊಳ್ಳುತ್ತ ಹೋದ.

ನಗುವಂಥ ಮಾತೇ. ಆದರೆ ಮಧ್ಯಾಹ್ನ, ಬಿದಿರಿನ ಲಾರಿಗಳ ಸದ್ದೂ ನಿಂತಾಗ, ಪಡಸಾಲೆಯಿಂದ ಕಿರ್ರ್ ಎಂದು ಸಣ್ಣ ದನಿ ಬರುತ್ತಿತ್ತು. ಹೋಗಿ ನೋಡಿದರೆ ಏನೂ ಇಲ್ಲ. ಎಣ್ಣೆ ಯಾವಾಗಲೂ ತುಂಬಿ ತುಳುಕುತ್ತಿತ್ತು. ಅದರ ಗುಟ್ಟು ಬೇಗ ತಿಳಿಯಿತು, ಅತ್ತೆ ಸೊಸೆ ಇಬ್ಬರೂ ಅಂಜಿ ಒಬ್ಬರಿಗೊಬ್ಬರು ಹೇಳದೆ ಸುರಿಯುತ್ತಿದ್ದರು. ಆದರೆ ಬತ್ತಿ? ಉರಿದು ಸಣ್ಣದಾದಂತೆ ಅದನ್ನು ಯಾರಾದರೂ ಮುಂದೆ ಸರಿಸಲೇಬೇಕು. "ನೀ ಬತ್ತಿ ಭಾಳ ಚಂದ ಮುಂದ ಮಾಡ್ತೀ ನೋಡವಾ" ಎಂದು ಅವ್ವ ಹೇಳಿದಾಗ ಶಾಂತಾ ಬೆಪ್ಪಾಗಿ ನಿಂತಳು. "ನಾ ಬತ್ತಿ ಮುಟ್ಟೇ ಇಲ್ರಿ ಅತ್ತಿ. ನೀವಽ ಮಾಡ್ತೀರಿ ಅನಕೊಂಡಿದ್ದೆ." ಇಬ್ಬರೂ ನನ್ನ ಕಡೆ ನೋಡಿದರು. ನಾನು ವೈಸಿನ ಕಡೆ ನೋಡಿದೆ.

ಖಂಡೆನವಮಿಯ ದಿನ ಹೋಳಿಗೆ ಊಟಕ್ಕೆ ಕೂತಿದ್ದೆವು. ಕಿರ್ರ್ ಎಂದಿತು. ಈ ಸಲ ದನಿ ಸಣ್ಣದಾಗಿರಲಿಲ್ಲ. ಓಡಿದೆ. ಮೇಲೆ ನಿಂತಿದ್ದ ಹಿಡಿಕೆ ಅಡ್ಡ ಬಿದ್ದಿತ್ತು, ದೀಪದ ಕಂಬ ವಾಲುತ್ತಿತ್ತು. ಹೋಳಿಗೆಯ ತುಪ್ಪ ಹತ್ತಿದ ಕೈಯಿಂದಲೇ ಗಪ್ಪನೆ ಹಿಡಿದೆ. ನಾನು ಹಿಡಿದೆನೋ ಇಲ್ಲವೋ, ಹಿಡಿಕೆ ನನ್ನ ಕಣ್ಣೆದುರಿಗೇ ಇನ್ನೊಂದು ಸುತ್ತು ತಿರುಗಿತು. ದವಡೆಗಳು ಪೂರಾ ಬಿಟ್ಟುಕೊಟ್ಟವು. ಇನ್ನೊಂದು ಕೈಯಾಗ ಕೊಟ್ಟಽ ಬಿಡ್ತೈತಿ ಎಂಬ ಖಾದರಸಾಬನ ಮಾತು ನೆನಪಾಯಿತು.

"ಅವ್ವಾ, ವೈಸ್ ಬಿಗಿ ಮಾಡಿರಿ ಯಾರಾದ್ರೂ!"

"ಇವತ್ತ ಖಂಡೆನವಮಿ. ಪೂಜಿಗೆ ಕೂತ ಆಯುಧಕ್ಕ ಕೆಲಸಾ ಹಚ್ಚತಾರೇನು?"

"ಹಂಗಾರ ಬುಡಾ ತರ್ರಿ, ಕೆಳಗ ಇಡ್ತೇನಿ."

"ಘಟ್ಟ ಕದಲಿಸೋತನಕ ದೀಪಾ ಅಲಗಬಾರದು!" ಅವ್ವ ಓಡಿ ಬಂದಳು. "ತಮ್ಮಾ, ಕೈ ಬಿಡಬ್ಯಾಡೋ."

ನಿಂತೆ. ಇಷ್ಟು ದಿನ ದೀಪದ ಬಿಸಿಯನ್ನು ಅಷ್ಟು ದಪ್ಪ ಕಬ್ಬಿಣ ನುಂಗುತ್ತಿತ್ತು, ಈಗ ಅದೆಲ್ಲ ನನ್ನ ಅಂಗೈಗೆ ಇಳಿಯಿತು. ಕೈ ಬದಲಿಸುವಂತಿಲ್ಲ, ಅಲುಗುತ್ತದೆ. ಶಾಂತಾ ನನ್ನ ಬಾಯಿಗೆ ಹೋಳಿಗೆಯ ತುತ್ತು ಇಡಲು ಬಂದರೆ ನುಂಗಲಿಕ್ಕೂ ಅಂಜಿಕೆ. ಅವ್ವ ಎದುರಿಗೆ ಕೂತು ಜ್ವಾಲೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ಹೊತ್ತಿನಲ್ಲಿ ನನ್ನ ಬೆರಳುಗಳ ಅರಿವೇ ಹೋಯಿತು. ಆದರೂ ಕಂಬ ಬಿಗಿಯಾಗಿಯೇ ಇತ್ತು. ನನ್ನ ಕೈಯ ಕೆಳಗೆ ಇನ್ನೊಂದು ಕೈ ಹಿಡಿದಂತೆ. ಕೆಳಗೆ ನೋಡುವ ಧೈರ್ಯ ನನಗೆ ಆಗಲಿಲ್ಲ.

ಮಿಲ್ಲಿನ ಸಂಜೆಯ ಭೋಂಗಾ ಕೂಗಿತು. ಅವ್ವ ಆರತಿ ಮಾಡಿ ಘಟ್ಟ ಕದಲಿಸಿದಳು. ನನ್ನ ಬೆರಳನ್ನು ಒಂದೊಂದಾಗಿ ಅವಳೇ ಬಿಡಿಸಿ, ಬೊಬ್ಬೆ ಎದ್ದ ಅಂಗೈಗೆ ಬೆಣ್ಣೆ ಹಚ್ಚಿದಳು. "ನಿಂತಿತಲ್ಲೋ ನಿನ್ನ ಕೈಯಾಗ" ಎಂದು ಹೇಳಿ, ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ, ಹಾಗೆ ಅತ್ತಳು. ನನಗೂ ತಡೆಯಲಾಗಲಿಲ್ಲ.

ದಸರಾ ಮುಗಿದ ಮೇಲೆ ಸ್ಕ್ರೂ ಹೊರಗೆಳೆದು ನೋಡಿದೆ. ಅದರ ಸುತ್ತುಗಳ ತುಂಬ ಎಲೆಹಸಿರು ಬಣ್ಣ! ನಾನೇ ಬಳಿದದ್ದು. ಗ್ರೀಸು ಹಚ್ಚುವಲ್ಲಿ ಬಣ್ಣ ಹಚ್ಚಿದ್ದೆ, ಅದು ಒಣಗಿ ಬಾಯಿ ಕಚ್ಚಿತ್ತು, ಅತ್ತೆ ಸೊಸೆ ಸುರಿದ ಎಣ್ಣೆ ಇಳಿದು ಬಿಡಿಸಿತ್ತು. ಎಲ್ಲಕ್ಕೂ ಲೆಕ್ಕ ಹತ್ತಿತು ಎಂದು ನಕ್ಕೆ. "ಮತ್ತ ಬತ್ತಿ?" ಎಂದಳು ಶಾಂತಾ. ನಗು ಅಲ್ಲೇ ನಿಂತಿತು.

ಈಗ ಸಮೆ ತನ್ನ ಬುಡದ ಮೇಲೆ, ದೇವರ ಕೋಣೆಯಲ್ಲೇ ನೆಟ್ಟಗೆ ನಿಲ್ಲುತ್ತದೆ. ವೈಸ್ ಕೂಡ ಹೇಳಿದ ಮಾತು ಕೇಳುತ್ತದೆ, ಹಿಡಿ ಎಂದರೆ ಹಿಡಿಯುತ್ತದೆ, ಬಿಡು ಎಂದರೆ ಬಿಡುತ್ತದೆ. ಬಿಡದವನು ನಾನು. ಖಂಡೆನವಮಿ ಬಂತೆಂದರೆ, ಯಾರೂ ಹೇಳದಿದ್ದರೂ, ಊಟ ಲಗೂನ ಮುಗಿಸಿ ಹೋಗಿ ದೀಪದ ಪಕ್ಕದಲ್ಲಿ ಕೈ ಚಾಚಿ ನಿಲ್ಲುತ್ತೇನೆ. "ಬರ್ರಿ, ಅದು ಬೀಳೂದಿಲ್ಲ" ಎಂದು ಶಾಂತಾ ಕರೆಯುತ್ತಾಳೆ. ಅದು ನನಗೂ ಗೊತ್ತು. ಆದರೆ ಇನ್ನೊಂದು ಕೈ ಬರುವ ತನಕ ನಾನು ಬಿಡುವುದು ಹೇಗೆ?