ಕಾಕಾನ ಗಾಡಿಯ ಕೀಲಿಗಳು

ನಮ್ಮ ಕಾಕಾನ ಪಿಕಪ್ ಗಾಡಿಯನ್ನು ಕದಿಯಬಲ್ಲ ಕಳ್ಳ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ಅದನ್ನು ಕದಿಯಬೇಕಾದರೆ ಕಳ್ಳನಿಗೆ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಪುರುಸೊತ್ತು ಇರಬೇಕು. ಮೇಲಾಗಿ, ಅರವತ್ತರ ದಶಕದ ನಮ್ಮ ಬಬಲೇಶ್ವರದ ಓಣಿಯಲ್ಲಿ ಗಾಡಿ ಓಡಿಸಲು ಬರುತ್ತಿದ್ದವನು ಕಾಕಾ ಒಬ್ಬನೇ. ಹಾಗಾದರೆ ಕದಿಯುವವರು ಯಾರು? ಹೀಗೆ ಕೇಳಿದವರ ಮೇಲೆಯೇ ಕಾಕಾನಿಗೆ ಸಂಶಯ ಬರುತ್ತಿತ್ತು.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಮಿಲಿಟರಿಯವರು ಬೇಡವೆಂದು ಮಾರಿದ ಹಳೆಯ ಪಿಕಪ್ ತಂದು, ವಿಜಾಪುರದ ಪೇಟೆಗೆ ಉಳ್ಳಾಗಡ್ಡಿ, ಜೋಳ ಸಾಗಿಸುತ್ತಿದ್ದ. ತಂದ ವಾರದಲ್ಲೇ ಇಬ್ರಾಹಿಂಪುರದ ಕಮ್ಮಾರನಿಂದ ಸ್ಟೇರಿಂಗಿಗೆ ಎಮ್ಮೆ ಕಟ್ಟುವಂಥ ಸರಪಳಿ ಹಾಕಿಸಿದ. ಆಮೇಲೆ ಬಾನೆಟ್ಟಿಗೆ ಚಿಲಕ, ಬಾಗಿಲಿಗೆ ಕೊಂಡಿ, ಹಿಂದಿನ ಗಾಲಿಗೆ ಇನ್ನೊಂದು ಸರಪಳಿ. ಒಂದೊಂದಕ್ಕೂ ಒಂದೊಂದು ಕೀಲಿ. ಕೀಲಿಕೈಗಳೆಲ್ಲ ಎಲ್ಲಿ? ಸೊಂಟದ ಉಡದಾರದಲ್ಲಿ! ಗಾಡಿ ತೆಗೆಯುವಾಗ ಕಾಕಾ ನಡುರಸ್ತೆಯಲ್ಲಿ ಅಂಗಿ ಎತ್ತಿಕೊಂಡು, ಬಾಗಿಲಿಗೆ ಸೊಂಟ ಹಚ್ಚಿ ನಿಲ್ಲುತ್ತಿದ್ದ. ನೀರಿಗೆ ಹೊರಟ ಹೆಣ್ಣುಮಕ್ಕಳು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಇಷ್ಟಕ್ಕೆ ಸಮಾಧಾನವಾಯಿತೇ? ಬಾಗಿಲು ಅಲುಗಿದರೆ ಸಾಕು, ಹಾರ್ನ್ ತಾನಾಗಿ ಕೂಗುವಂತೆ ವೈರು ಎಳೆಸಿದ. ತಿಕೋಟಾ ಸಂತೆಯಲ್ಲಿ ಎತ್ತೊಂದು ಬಾಗಿಲಿಗೆ ಮೈ ತಿಕ್ಕಿತು. ಹಾರ್ನ್ ಹೊಡೆದುಕೊಂಡದ್ದೇ ತಡ, ಕಾಕಾ ಚಹಾದ ಬಸಿ ಬಿಸಾಕಿ ಓಡಿಬಂದು ಎತ್ತಿನ ಯಜಮಾನನ ಕೊರಳಪಟ್ಟಿ ಹಿಡಿದ. ಪಾಪ, ಹಾರ್ನಿಗೆ ಬೆದರಿ ಓಡುತ್ತಿದ್ದ ತನ್ನ ಎತ್ತನ್ನು ಹಿಡಿಯಬೇಕಾಗಿದ್ದ ಮನುಷ್ಯ! ಕೊನೆಗೆ ಇಬ್ಬರೂ ಕೂಡಿ ಎತ್ತು ಹುಡುಕಲು ಹೋದರು.

ಯಾರೋ ಒಬ್ಬ ಡ್ರೈವರ್ ಇನ್ನೊಂದು ಗುಟ್ಟು ಹೇಳಿಕೊಟ್ಟ. ಎಂಜಿನ್ನಿನೊಳಗೆ ರೋಟರ್ ಎಂಬ ಹೆಬ್ಬೆರಳಷ್ಟು ಕರಿಯ ತುಂಡು ಇರುತ್ತದೆ; ಅದನ್ನು ಕಿತ್ತಿಟ್ಟುಕೊಂಡರೆ ಬ್ರಹ್ಮ ಬಂದರೂ ಗಾಡಿ ಚಾಲೂ ಆಗದು. ಕಾಕಾ ಅದನ್ನು ಮನೆಯ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯಲ್ಲಿ ಹುಗಿದಿಟ್ಟ. ಕಾಕಿಗೆ ಹೇಳಲಿಲ್ಲ, ಹೆಂಡತಿಯಾದರೇನು, ಗುಟ್ಟು ಗುಟ್ಟೇ. ಕಾಕಿ ಆ ಡಬ್ಬಿಯನ್ನು ನಿಡೋಣಿಯ ತನ್ನ ಅವ್ವನಿಗೆ ಕಳಿಸಿಬಿಟ್ಟಳು! ಮೂರು ದಿನ ಗಾಡಿ ಅಲುಗಲಿಲ್ಲ. ಕಾಕಾ ಸೈಕಲ್ ತುಳಿದುಕೊಂಡು ನಿಡೋಣಿಗೆ ಹೋದರೆ, ಹಿಂಡಿಯೊಳಗೆ ಏನೋ ಉದ್ಭವವಾಗಿದೆಯೆಂದು ಅವನ ಅತ್ತೆ ರೋಟರನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದ್ದರು. ಅಳಿಯ ಕೈಮುಗಿದು ಇಸಿದುಕೊಂಡು ಬಂದ.

ನಗಬೇಡಿ. ನಾನೂ ನಗುತ್ತಿದ್ದೆ, ನನ್ನ ಮ್ಯಾಟ್ರಿಕ್ ಪರೀಕ್ಷೆಯ ದಿನದವರೆಗೆ.

ಪರೀಕ್ಷೆ ಇದ್ದದ್ದು ವಿಜಾಪುರದಲ್ಲಿ. ಅದೇ ದಿನ ಮಧ್ಯಾಹ್ನ ತಿಕೋಟಾದ ಗಂಡಿನವರು ನನ್ನನ್ನು ನೋಡಲು ಬರುವವರಿದ್ದರು. ಅಪ್ಪ ಪರೀಕ್ಷೆ ಬೇಡವೆಂದ. ಆ ಪೇಪರ್ ತಪ್ಪಿದರೆ ನನ್ನ ಓದು ಅಲ್ಲಿಗೇ ಮುಗಿದಂತೆ. ನಾನು ಪಡಸಾಲೆಯಲ್ಲಿ ಕುಳಿತು ಅಳುತ್ತಿದ್ದೆ. ಕಾಕಾ ಹೊರಗೆ ಹೋಗಿ ಒಂದೊಂದೇ ಕೀಲಿ ತೆಗೆಯತೊಡಗಿದ. ಪೇಟೆಗೆ ಹೊರಟಿದ್ದಾನೆಂದು ಅಪ್ಪ ಸುಮ್ಮನಿದ್ದ. ಎಲ್ಲ ತೆಗೆದ ಮೇಲೆ ಕಾಕಾ ನನಗೆ ಕೈಸನ್ನೆ ಮಾಡಿದ. ಬಾಗಿಲು ತೆರೆದದ್ದೇ ಹಾರ್ನ್ ಊರಿಗೆಲ್ಲ ಕೇಳುವಂತೆ ಕೂಗಿತು. ಯಾರದು ಎಂದು ಅಪ್ಪ ಹೊರಗೆ ಓಡಿಬಂದ.

"ಕಳ್ಳರಲ್ಲೋ ಅಣ್ಣಾ, ನಾನ ಅದೇನಿ," ಎಂದು ಕಾಕಾ ಗಾಡಿ ಬಿಟ್ಟೇಬಿಟ್ಟ. ಅಂತೂ ನಮ್ಮ ಮನೆಯಲ್ಲಿ ಒಂದು ಕಳವು ಆಯಿತು!

ಮುಂದೆ ನಾನು ಸಾಲಿ ಟೀಚರ್ ಆಗಿ, ನನ್ನ ಕಾಲ ಮೇಲೆ ನಾನು ನಿಂತು ಉಂಡ ಅನ್ನದಲ್ಲಿ ಕಾಕಾನ ಋಣವಿದೆ. ಅದನ್ನು ಅವನಿಗೆ ಬಾಯಿಬಿಟ್ಟು ಹೇಳಲು ನನಗೆ ಯಾವತ್ತೂ ಆಗಲಿಲ್ಲ.

ಆ ದಿನ ಮೂರು ತಾಸಿನ ಪೇಪರ್ ಮುಗಿಸಿ ಹೊರಬಂದಾಗ ಕಾಕಾ ಶಾಲೆಯ ಗೇಟಿನೆದುರು ಉರಿಬಿಸಿಲಲ್ಲಿ ನಿಂತಿದ್ದ. ನಾನು ಒಳಗೆ ಹೋಗುವಾಗ ಎಲ್ಲಿ ನಿಂತಿದ್ದನೋ ಅಲ್ಲೇ. ಗಾಡಿಯಲ್ಲಿ ನೆರಳಿಗೆ ಕೂಡಬಾರದಿತ್ತೇ ಎಂದೆ.

"ಹ್ಯಾಂಗ ಕುಂದರ್ಲಿ ಬೇ? ನಿಮ್ಮಪ್ಪ ಬಂದು ನಿನ್ನ ಪೇಪರ ನಡುವ ಎಬ್ಬಿಸಿಕೊಂಡು ಹ್ವಾದ್ರ?"

ಗಾಡಿ ದೂರದ ರಸ್ತೆಯಲ್ಲಿತ್ತು. ಬಾಗಿಲು ಹಾರು ಹೊಡೆದಿತ್ತು, ಒಂದು ಕೀಲಿಯನ್ನೂ ಹಾಕಿರಲಿಲ್ಲ. ನನಗೆ ದುಃಖ ಒತ್ತರಿಸಿ ಬಂದು ಅಲ್ಲೇ ಅತ್ತುಬಿಟ್ಟೆ. ಪೇಪರ್ ಕೆಟ್ಟಿತೆಂದು ತಿಳಿದ ಕಾಕಾ ಗಾಬರಿಯಾಗಿ ನನ್ನ ತಲೆ ಸವರಿದ.

"ಹೋಗ್ಲಿ ಬಿಡವ್ವಾ," ಎಂದ, "ಬರೂ ವರ್ಷನೂ ನಾನ ಕರ್ಕೊಂಡ ಬರ್ತೇನಿ."